ಅಪ್ಪ ವಿಲ್ ಬರೆದಿಲ್ಲ ಅಂದರೆ ಪ್ರೊಬೇಟ್ ಬಿಡಿ, ಮೊದಲು ವಂಶವೃಕ್ಷ ನೋಡಿ

ಅಪ್ಪ ವಿಲ್ ಮಾಡದೆ ತೀರಿಕೊಂಡಿದ್ದಾರೆ, ಗದ್ದೆ ಅವರ ಹೆಸರಲ್ಲಿದೆ, ಬಳ್ಳಾರಿಯ ಸಂಬಂಧಿಕರು ಪ್ರೊಬೇಟ್ (ವಿಲ್ ಬಗ್ಗೆ ಕೋರ್ಟು ಕೊಡುವ ಆದೇಶ) ಬೇಕು ಅಂತಾರೆ, ಮದುವೆಯಾದ ತಂಗಿಯ ಸಹಿ ಇಲ್ಲದೆ ಮುಗಿಸೋಕೆ ಆಗುತ್ತಾ, ಯಾವ ವಕೀಲರು ಒಳ್ಳೆಯವರು ಅಂತ ಕೇಳಿದ್ದೀರಿ. ಮನೆಯಲ್ಲಿ ಅವ್ವ, ನೀವು, ತಮ್ಮ, ತಂಗಿ ಅಂತ ಬರೆದಿದ್ದೀರಿ. ಅಜ್ಜಿಯ ಮಾತೇ ಎತ್ತಿಲ್ಲ. ಅಪ್ಪ ತೀರಿದ ದಿನ ಅವರ ತಾಯಿ ಬದುಕಿದ್ದರಾ? ನನಗೆ ಅದೇ ಮೊದಲು ಗೊತ್ತಾಗಬೇಕು. ಯಾಕೆ ಅಂತ ಹೇಳ್ತೀನಿ.

ನಮ್ಮದೂ ಗಂಗಾವತಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಾಯುವ ಆರು ಎಕರೆ ಗದ್ದೆ. ಅಪ್ಪ ತಮ್ಮ ದುಡಿಮೆಯಲ್ಲಿ ಕೊಂಡದ್ದು, ತಾತನಿಂದ ಬಂದದ್ದಲ್ಲ. ಅಪ್ಪ ಹೋದ ಮೇಲೆ ಪೌತಿ ಖಾತೆ ಮಾಡಿಸಬೇಕು, ಅಂದರೆ ತೀರಿದವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಏರಿಸಬೇಕು. ಅದಕ್ಕೆ ವಂಶವೃಕ್ಷ, ಅಂದರೆ ಮನೆಯವರು ಯಾರ್ಯಾರು ಅಂತ ತೋರಿಸುವ ಕಾಗದ ಬೇಕು. ಓಡಾಡೋಕೆ ಮನಸ್ಸಿಲ್ಲದ ದಿನಗಳು ಅವು. ಸಂಬಂಧಿಕರೊಬ್ಬರು ತಹಶೀಲ್ದಾರ್ ಕಚೇರಿ ಹೊರಗೆ ಅರ್ಜಿ ಬರೆಯುವವರ ಹತ್ತಿರ ಕರೆದುಕೊಂಡು ಹೋದರು. ಆತ ರೇಷನ್ ಕಾರ್ಡ್ ಕೇಳಿದ. ಅದರಲ್ಲಿದ್ದ ಹೆಸರುಗಳನ್ನು ಹಾಗೇ ಇಳಿಸಿಕೊಂಡ: ಅವ್ವ, ನಾನು, ತಮ್ಮ. ತಂಗಿಯ ಹೆಸರು ಗಂಡನ ಮನೆಯ ಕಾರ್ಡಿನಲ್ಲಿತ್ತು, ಅವ್ವ ಗಟ್ಟಿಯಾಗಿ ಹೇಳಿ ಅದನ್ನು ಸೇರಿಸಿದಳು. ಅಜ್ಜಿ ಆಗ ಸಿರುಗುಪ್ಪದಲ್ಲಿ ಕಾಕಾನ ಮನೆಯಲ್ಲಿದ್ದಳು, ಆಕೆಯ ಹೆಸರು ಕಾಕಾನ ಕಾರ್ಡಿನಲ್ಲಿತ್ತು. ಯಾರಿಗೂ ನೆನಪಾಗಲಿಲ್ಲ ಅಂತಲ್ಲ, ತಮ್ಮ ಕೇಳಿದ. "ವಯಸ್ಸಾದಾಕೆ, ಬೇರೆ ಮನೆಯಲ್ಲಿದ್ದಾಳೆ, ಮಗನ ಆಸ್ತಿ ತಾಯಿಗೆ ಹೋಗಲ್ಲ, ಹೆಂಡತಿ ಮಕ್ಕಳಿಗೆ ಅಷ್ಟೇ" ಅಂದರು ಆ ಸಂಬಂಧಿಕರು. ಛಾಪಾ ಕಾಗದದ ಮೇಲೆ ಅಫಿಡವಿಟ್ ಆಯಿತು, ನೋಟರಿ ಮುದ್ರೆ ಬಿತ್ತು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟೆವು, ಯಾರೂ ತಕರಾರು ಹಾಕಲಿಲ್ಲ, ಪಹಣಿಯಲ್ಲಿ ಮಾಲೀಕರ ಹೆಸರು ಬರುವ ಒಂಬತ್ತನೇ ಕಾಲಂನಲ್ಲಿ ನಾಲ್ಕು ಹೆಸರು ಬಂತು. ಮುಗೀತು ಅಂದುಕೊಂಡೆವು.

"ಮಗನ ಆಸ್ತಿ ತಾಯಿಗೆ ಹೋಗಲ್ಲ" ಅನ್ನೋದು ಶುದ್ಧ ಸುಳ್ಳು. ನಮ್ಮ ಸೀಮೆಯಲ್ಲಿ ಹತ್ತು ಮನೆ ಕೇಳಿದರೆ ಒಂಬತ್ತು ಮನೆಯಲ್ಲಿ ಇದನ್ನೇ ಹೇಳ್ತಾರೆ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೀನಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡಸು ವಿಲ್ ಇಲ್ಲದೆ ತೀರಿದರೆ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳ ಜೊತೆ ತಾಯಿಯೂ ಇದ್ದಾಳೆ. ತೀರಿದವನ ತಂದೆ ಆ ಪಟ್ಟಿಯಲ್ಲಿ ಇಲ್ಲ, ತಾಯಿ ಇದ್ದಾಳೆ. ಎಲ್ಲರಿಗೂ ಸಮಪಾಲು. ಯಾರ ಮನೆಯಲ್ಲಿದ್ದಳು, ಯಾವ ಕಾರ್ಡಿನಲ್ಲಿದ್ದಳು ಅನ್ನೋದು ಲೆಕ್ಕಕ್ಕೆ ಬರಲ್ಲ. ನಮ್ಮಲ್ಲಿ ಹಾಗಾದರೆ ಪಾಲು ನಾಲ್ಕಲ್ಲ, ಐದು. ಆರು ಎಕರೆ ಅಂದರೆ 240 ಗುಂಟೆ, ಅಜ್ಜಿಯದು 48.

ಕೆಲವು ವರ್ಷದ ನಂತರ ಅಜ್ಜಿಯೂ ತೀರಿಕೊಂಡಳು. ಆಕೆಯ 48 ಗುಂಟೆ ಆಕೆಯ ಮಕ್ಕಳಿಗೆ ಹೋಗುತ್ತೆ: ನಮ್ಮಪ್ಪ, ಕಾಕಾ, ಇಬ್ಬರು ಅತ್ತೆಯರು, ತಲಾ 12 ಗುಂಟೆ. ಅಪ್ಪ ಮೊದಲೇ ತೀರಿದ್ದರಿಂದ ಅವರ ಲೆಕ್ಕದ 12 ಗುಂಟೆ ನಮ್ಮ ಮೂವರು ಮಕ್ಕಳಿಗೆ ವಾಪಸ್ ಬರುತ್ತೆ. ಉಳಿದ 36 ಗುಂಟೆ ಕಾಕಾ ಮತ್ತು ಅತ್ತೆಯರದು. ಯಾರೂ ಕೊಡದೆ, ಯಾರೂ ಕೇಳದೆ, ಕಾನೂನಿನ ಪ್ರಕಾರ ತಾನಾಗಿ ಆದದ್ದು ಇದು. ನಮ್ಮ ಪಹಣಿಯಲ್ಲಿ ಇದರ ಸುಳಿವೂ ಇರಲಿಲ್ಲ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಬರಲ್ಲ, ಅದು ಕಂದಾಯದ ದಾಖಲೆ ಅಂತ ಕೋರ್ಟುಗಳು ಎಷ್ಟು ಸಲ ಹೇಳಿದರೂ ನಾವು ಪಹಣಿಯನ್ನೇ ನಂಬಿಕೊಂಡು ಕೂರ್ತೀವಿ.

ಗೊತ್ತಾದದ್ದು ಎರಡು ಎಕರೆ ಮಾರೋಕೆ ಹೋದಾಗ. ಮುಂಗಡ ತಗೊಂಡಾಗಿತ್ತು. ಕೊಳ್ಳುವವರ ವಕೀಲರು ಗಂಗಾವತಿಯಲ್ಲಿ ಕೂತು ಕಾಗದ ನೋಡಿದರು. ವಂಶವೃಕ್ಷದ ಮೇಲೆ ಬೆರಳಿಟ್ಟು, ಅಪ್ಪನ ಹೆಸರಿನ ಮೇಲಿದ್ದ ಖಾಲಿ ಜಾಗ ತೋರಿಸಿ, "ಇವರ ತಾಯಿ ಆಗ ಇದ್ದರಾ?" ಅಂತ ಒಂದೇ ಮಾತು ಕೇಳಿದರು. ಇದ್ದರು ಅಂದೆವು. ಕಾಗದ ಮಡಚಿಟ್ಟರು. ವ್ಯಾಪಾರ ಅಲ್ಲಿಗೇ ನಿಂತಿತು.

ಆಮೇಲೆ ಕಾಕಾನ ಹತ್ತಿರ ಸಹಿ ಕೇಳೋಕೆ ಹೋದೆವು. ಅತ್ತೆಯರಿಗೆ ಗುಂಟೆಗಿಂತ ಜಾಸ್ತಿ ನೋವಾದದ್ದು ಬೇರೆ ವಿಷಯಕ್ಕೆ. "ಅಣ್ಣನ್ನ ಹೆತ್ತವಳು ನಿಮ್ಮ ಕಾಗದದಾಗ ಇಲ್ಲೇ ಇಲ್ಲ ಅಂದ್ರ ಹ್ಯಾಂಗ?" ಅಂದಳು ದೊಡ್ಡತ್ತೆ. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪಾಲು ದಾವೆ ಬಿತ್ತು, ಮಾರಬಾರದು ಅಂತ ತಡೆಯಾಜ್ಞೆ ಬಂತು, ಮುಂಗಡ ಸಾಲ ಮಾಡಿ ವಾಪಸ್ ಕೊಟ್ಟೆವು. ಕೊನೆಗೆ ಲೋಕ ಅದಾಲತ್‌ನಲ್ಲಿ 36 ಗುಂಟೆಯ ಬೆಲೆ ಕಟ್ಟಿಕೊಟ್ಟು ರಾಜಿಯಾಯಿತು. ಅಜ್ಜಿ ಬದುಕಿದ್ದಾಗಲೇ ಆಕೆಯ ಹೆಸರು ಸೇರಿಸಿ ಕೇಳಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಮೊಮ್ಮಕ್ಕಳ ಮೇಲೆ ಅಷ್ಟು ಜೀವ ಆಕೆಗೆ. ಇಟ್ಟುಕೊಳ್ತೀನಿ ಅಂದಿದ್ದರೂ ತಪ್ಪಿರಲಿಲ್ಲ, ಆಕೆಯ ಹಕ್ಕು ಅದು.

ಈಗ ನಿಮ್ಮ ಪ್ರಶ್ನೆಗೆ. ಪ್ರೊಬೇಟ್ ಅಂದರೆ ವಿಲ್ ನಿಜವಾದದ್ದು ಅಂತ ಕೋರ್ಟು ಒಪ್ಪಿ ಕೊಡುವ ಆದೇಶ. ವಿಲ್ಲೇ ಇಲ್ಲದಿದ್ದರೆ ಯಾವುದಕ್ಕೆ ಪ್ರೊಬೇಟ್? ಬಳ್ಳಾರಿ 1953ರವರೆಗೆ ಮದ್ರಾಸ್‌ಗೆ ಸೇರಿತ್ತು, ಅದಕ್ಕೇ ಬೇಕು ಅಂತ ಹಿರಿಯರು ಹೇಳೋದನ್ನು ನಾನೂ ಕೇಳಿದ್ದೀನಿ. ವಿಲ್‌ಗೆ ಪ್ರೊಬೇಟ್ ಕಡ್ಡಾಯ ಅನ್ನೋ ಆ ನಿಯಮ ಅಲ್ಲಿ ಇದ್ದದ್ದು ಮದ್ರಾಸ್ ನಗರಕ್ಕೆ, ಇಡೀ ಪ್ರಾಂತ್ಯಕ್ಕಲ್ಲ. ಕೊಪ್ಪಳ, ರಾಯಚೂರು ಅಂತೂ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಸಕ್ಸೆಷನ್ ಸರ್ಟಿಫಿಕೇಟ್ ಮಾಡಿಸಿ ಅಂತಲೂ ಯಾರಾದರೂ ಹೇಳ್ತಾರೆ. ಅದು ಬ್ಯಾಂಕ್ ಹಣ, ಷೇರು, ಬರಬೇಕಾದ ಸಾಲಕ್ಕೆ. ಗದ್ದೆಗೆ ಅಲ್ಲ.

ತಂಗಿಯ ಸಹಿ ತಪ್ಪಿಸುವ ಯೋಚನೆ ಇವತ್ತೇ ಬಿಟ್ಟುಬಿಡಿ. ಎಲ್ಲರೂ 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಅಂತ ಮಾತಾಡ್ತಾರೆ. ಅವು ಪಿತ್ರಾರ್ಜಿತ ಆಸ್ತಿಯ ವಿಷಯ. ಅಪ್ಪ ಸ್ವಂತ ದುಡಿದು ಕೊಂಡ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು 1956ರಿಂದಲೇ ಇದೆ. ಮದುವೆಯಲ್ಲಿ ಬಂಗಾರ ಹಾಕಿದೀವಿ ಅನ್ನೋದು ಕೋರ್ಟಿನಲ್ಲಿ ನಡೆಯಲ್ಲ, ನನ್ನ ಪ್ರಕಾರ ಮನೆಯಲ್ಲೂ ನಡೆಯಬಾರದು. ಆಕೆಗೆ ಬೇಡವಾದರೆ ಆಕೆಯೇ ಹೇಳಲಿ, ನೋಂದಾಯಿತ ಪತ್ರ ಮಾಡಿ. ಬಿಳಿ ಹಾಳೆ ಮೇಲೆ ಪಂಚರ ಮುಂದೆ ಹಾಕಿಸಿಕೊಂಡ ಸಹಿಯನ್ನು ನಂಬಿ ಕೂರಬೇಡಿ. ಕುಟುಂಬದೊಳಗಿನ ವಿಭಾಗ ಪತ್ರ, ಬಿಡುಗಡೆ ಪತ್ರಕ್ಕೆ ಸ್ಟಾಂಪ್ ಖರ್ಚು ಮಾರಾಟದ್ದಕ್ಕಿಂತ ತುಂಬ ಕಡಿಮೆ.

ಅಪ್ಪನ ಬ್ಯಾಂಕ್ ಎಫ್‌ಡಿಗೆ ನಿಮ್ಮ ತಮ್ಮ ನಾಮಿನಿ, ಹಣ ತನ್ನದೇ ಅಂತಾನೆ ಅಂತಲೂ ಬರೆದಿದ್ದೀರಿ. ನಾಮಿನಿ ಹಣ ಈಸಿಕೊಳ್ಳುವವನು ಅಷ್ಟೇ, ವಾರಸುದಾರರಿಗೆ ಹಂಚಬೇಕು. ಸುಪ್ರೀಂ ಕೋರ್ಟ್ 1984ರಲ್ಲಿ ವಿಮೆ ಹಣದ ಕೇಸಿನಲ್ಲಿ ಇದನ್ನೇ ಹೇಳಿತ್ತು, 2023ರಲ್ಲಿ ಷೇರುಗಳ ವಿಷಯದಲ್ಲೂ ಹಾಗೇ ಹೇಳಿದೆ. ತಮ್ಮನಿಗೆ ಜಗಳವಾಡದೆ ತಿಳಿಸಿ.

ವಕೀಲರ ಹೆಸರು ನಾನು ಹೇಳಲ್ಲ. ಬೆಂಗಳೂರಿನವರು ಬೇಡ, ನಿಮ್ಮ ತಾಲ್ಲೂಕು ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುವವರು ಸಾಕು. ಅವರನ್ನು ಮೊದಲೇ ಕಾಣಿ, ಜಗಳ ಆದ ಮೇಲಲ್ಲ. ದುಡ್ಡಿನ ತೊಂದರೆ ಇದ್ದರೆ ಅವ್ವನನ್ನೋ ತಂಗಿಯನ್ನೋ ಕರೆದುಕೊಂಡು ಕೋರ್ಟಿನಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡ್ತಾರೆ. ಫೋನ್ ಮಾಡೋದಾದರೆ 15100.

ಹೋಗುವಾಗ ಗದ್ದೆಯ ಹಳೆಯ ಪಹಣಿಗಳು, ಅಪ್ಪ ಕೊಂಡ ಕ್ರಯಪತ್ರ ತಗೊಂಡು ಹೋಗಿ. ತಾತನಿಂದ ಬಂದದ್ದಾದರೆ ನಾನು ಮೇಲೆ ಹಾಕಿದ ಲೆಕ್ಕ ಪೂರಾ ಬದಲಾಗುತ್ತೆ. ವಂಶವೃಕ್ಷದ ಅರ್ಜಿ ಈಗಾಗಲೇ ಕೊಟ್ಟಿದ್ದು ಅದರಲ್ಲಿ ಅಜ್ಜಿಯೋ ತಂಗಿಯೋ ಬಿಟ್ಟುಹೋಗಿದ್ದರೆ, ಖಾತೆ ಆಗುವ ಮುಂಚೆ ನೀವೇ ಹೋಗಿ ತಿದ್ದಿಸಿ. ಅಜ್ಜಿ ಇದ್ದಾರೋ ಇಲ್ಲವೋ, ಗದ್ದೆ ಯಾರು ಕೊಂಡದ್ದು, ಇವೆರಡನ್ನು ಕೆಳಗೆ ಬರೆದರೆ ನನಗೆ ತಿಳಿದಷ್ಟು ಹೇಳ್ತೀನಿ.