ವೃದ್ಧಾಶ್ರಮದಲ್ಲಿರುವ 87 ವರ್ಷದ ಅಜ್ಜಿಗೆ ಭಾರ ಎತ್ತಿಸಬಹುದಾ?

ಎತ್ತಿಸಬಹುದು. ಕುರ್ಚಿಯಿಂದ ಏಳಲು ಅಜ್ಜಿ ಎರಡೂ ಕೈ ಊರುತ್ತಾರೆ ಅಂತ ಬರೆದಿದ್ದೀರಲ್ಲ, ಹಾಗಿದ್ದರೆ ಎತ್ತಿಸಲೇಬೇಕು ಅನ್ನುತ್ತೇನೆ. ನಾನು ಫಿಸಿಯೋಥೆರಪಿಸ್ಟ್, ವಾರಕ್ಕೆ ಮೂರು ದಿನ ಒಂದು ವೃದ್ಧಾಶ್ರಮಕ್ಕೆ ಹೋಗುತ್ತೇನೆ. ಅಲ್ಲಿ ಮೊದಲು ವ್ಯಾಯಾಮ ಅಂದರೆ ಎಲ್ಲರನ್ನೂ ಸಾಲಾಗಿ ಕೂರಿಸಿ, ಭಜನೆ ಹಾಕಿ, ಕೈ ಮೇಲೆ ಕೆಳಗೆ ಆಡಿಸುವುದು. ಮನಸ್ಸಿಗೆ ಹಿತ, ಒಪ್ಪುತ್ತೇನೆ. ಆದರೆ ಕಮೋಡ್‌ನಿಂದ ಎಬ್ಬಿಸಿ ನಿಲ್ಲಿಸುವುದು ತೊಡೆ ಅಲ್ವಾ?

ಈ ವಯಸ್ಸಿಗೆ ಬಲ ಬರುತ್ತಾ ಅಂತ ಕೇಳಿದ್ದೀರಿ. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನ್ ಮತ್ತು ಜೊತೆಗಾರರು ಆರೈಕೆ ಕೇಂದ್ರದಲ್ಲಿದ್ದ, ತೊಂಬತ್ತರ ಆಸುಪಾಸಿನ 10 ಮಂದಿಯ ಕಾಲಿಗೆ 8 ವಾರ ಭಾರದ ತಾಲೀಮು ಶುರು ಮಾಡಿಸಿದರು. ಅದೂ ಹಗುರದ್ದಲ್ಲ, ಒಬ್ಬರು ಒಂದು ಸಲ ಎತ್ತಬಲ್ಲಷ್ಟರಲ್ಲಿ ಶೇ 80ರವರೆಗೆ. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಶೇ 174 ಹೆಚ್ಚಿತು, ಇಬ್ಬರು ಕೋಲು ಬಿಟ್ಟು ನಡೆದರು. ಇನ್ನು ಪ್ರೋಟೀನ್ ಪುಡಿ ಕೊಟ್ಟರೆ ಸಾಲದಾ ಅಂತಲೂ ಕೇಳಿದ್ದೀರಿ: 1994ರಲ್ಲಿ ಅದೇ ತಂಡ 100 ಮಂದಿಯ ಮೇಲೆ ನೋಡಿದಾಗ, ವ್ಯಾಯಾಮ ಇಲ್ಲದೆ ಬರೀ ಪೌಷ್ಟಿಕ ಪಾನೀಯ ಕುಡಿದವರ ಬಲ ಏರಲಿಲ್ಲ.

ಮೊದಲು ಡಾಕ್ಟರನ್ನು ಕೇಳಿ. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ, ಮೂಳೆ ಮುರಿದು ಕೂಡಿಲ್ಲದಿದ್ದರೆ, ಬಿಪಿ ಹತೋಟಿಯಲ್ಲಿ ಇಲ್ಲದಿದ್ದರೆ ಈಗಲೇ ಬೇಡ. ಒಪ್ಪಿದರೆ ಕುರ್ಚಿಯನ್ನು ಗೋಡೆಗೆ ಒತ್ತಿಡಿ, ಎತ್ತರಕ್ಕೆ ಗಟ್ಟಿ ದಿಂಬು ಹಾಕಿ, ಎಬ್ಬಿಸಿ ಕೂರಿಸಿ, ಎಂಟು ಸಲ. ಒಬ್ಬರು ಪಕ್ಕದಲ್ಲೇ ಇರಲಿ. ಕೂರುವಾಗ ದೊಪ್ಪಂತ ಬೀಳಬಾರದು, ನಿಧಾನ. ಜೋರಾಗಿ ಎಣಿಸಲು ಹೇಳಿ, ಆಗ ಉಸಿರು ಬಿಗಿ ಹಿಡಿಯುವುದಿಲ್ಲ (ನಮ್ಮಲ್ಲಿ ಒಬ್ಬರು ಐದಾದ ಮೇಲೆ ನೇರ ಎಂಟಕ್ಕೆ ಹಾರುತ್ತಾರೆ, ಮೇಷ್ಟ್ರಾಗಿದ್ದವರು!). ಎಂಟು ಸಲೀಸಾದ ದಿನ ದಿಂಬು ತೆಗೆಯಿರಿ, ಆಮೇಲೆ ಕೈ ಊರುವುದು ಬಿಡಿಸಿ. ಕೂತು ಕಾಲು ಚಾಚಲು ಪಾದದ ಹತ್ತಿರ ಅರ್ಧ ಕೆಜಿ ಮರಳಿನ ಪಟ್ಟಿ ಕಟ್ಟಿ, ಅದೂ ಏರುತ್ತಾ ಹೋಗಬೇಕು. ಎಷ್ಟೋ ಕಡೆ ವರ್ಷಗಟ್ಟಲೆ ಅದೇ ಅರ್ಧ ಕೆಜಿ ಕಟ್ಟುತ್ತಾರೆ, ಆಮೇಲೆ ವ್ಯಾಯಾಮದಿಂದ ಏನೂ ಆಗಲಿಲ್ಲ ಅನ್ನುತ್ತಾರೆ. ಮರುದಿನ ತೊಡೆ ಸ್ವಲ್ಪ ನೋಯಬಹುದು, ಪರವಾಗಿಲ್ಲ. ಎದೆನೋವು, ತಲೆಸುತ್ತು, ಕೀಲಿನಲ್ಲಿ ಚುಚ್ಚಿದಂತೆ ನೋವು ಬಂದರೆ ತಕ್ಷಣ ನಿಲ್ಲಿಸಿ.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು. ನಿಲ್ಲಿಸಿದರೆ ಬಂದ ಬಲ ಇಳಿಯುತ್ತದೆ: ಬಾಸ್ಟನ್‌ನವರಿಗೂ ತಾಲೀಮು ನಿಂತ 4 ವಾರಕ್ಕೆ ಬಲ ಶೇ 32 ಇಳಿದಿತ್ತು. ನಮ್ಮಲ್ಲಿ ದಸರಾಕ್ಕೆ ಮಗನ ಮನೆಗೆ ಹೋಗಿ, ತಿಂಗಳು ಸೋಫಾ ಮೇಲೆ ಕೂತು ಬಂದವರಿಗೆ ಮತ್ತೆ ದಿಂಬಿನಿಂದಲೇ ಶುರು.