ಪ್ರತಿಕ್ರಿಯೆ: ಗೋಕರ್ಣದ ಬಂಡೆಗಳಲ್ಲಿ ಆಕ್ಟೋಪಸ್ ಕಾಣುತ್ತಾ?

ಬೆಂಗಳೂರಿನಿಂದ ಗೋಕರ್ಣಕ್ಕೆ ಹೊರಟಿದ್ದೀರಿ, ಬಂಡೆಗಳ ನಡುವೆ ನಿಂತ ನೀರಲ್ಲಿ ಮಗಳಿಗೆ ಆಕ್ಟೋಪಸ್ ತೋರಿಸಬಹುದಾ ಅಂತ ಕೇಳಿದ್ದೀರಿ. ಅದೃಷ್ಟ ಇದ್ದರೆ ಕಾಣುತ್ತದೆ, ಆದರೆ ದಿನ ನೋಡಿ ಹೊರಡಿ. ನಾವು ಬೆಂಗಳೂರಿನವರು ರಜೆ ನೋಡಿ ಬಸ್ ಬುಕ್ ಮಾಡುತ್ತೇವೆ, ಸಮುದ್ರಕ್ಕೆ ಚಂದ್ರನದೇ ಲೆಕ್ಕ ಅಲ್ವಾ! ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಇಳಿಯುತ್ತದೆ. ದಿನಕ್ಕೆ ಎರಡು ಸಲ ಇಳಿತ ಇದೆ, ಎರಡೂ ಒಂದೇ ಮಟ್ಟದ್ದಲ್ಲ. ಕಾರವಾರದ ಟೈಡ್ ಟೇಬಲ್ (ಸಮುದ್ರದ ನೀರು ಎಷ್ಟು ಹೊತ್ತಿಗೆ ಎಷ್ಟು ಏರಿಳಿಯುತ್ತದೆ ಅನ್ನೋ ಪಟ್ಟಿ) ನೋಡಿ, ಹಗಲಲ್ಲಿ ನೀರಿನ ಮಟ್ಟದ ಅಂಕಿ ಕಡಿಮೆ ಇರುವ ಹೊತ್ತು ಆರಿಸಿ. ಅದಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಿ.

ಆಕ್ಟೋಪಸ್ ನೇರವಾಗಿ ಕಣ್ಣಿಗೆ ಬೀಳುವುದು ಕಡಿಮೆ. ಅದು ತಿಂದು ಎಸೆದ ಕಸ ಹುಡುಕಿ. ಬಿರುಕಿನ ಬಾಯಲ್ಲಿ ಏಡಿಯ ಚಿಪ್ಪು, ಕಪ್ಪೆಚಿಪ್ಪು ರಾಶಿ ಬಿದ್ದಿದ್ದರೆ ಒಳಗೆ ಇರಬಹುದು. ನೆರಳು ನೀರಿನ ಮೇಲೆ ಬೀಳದ ಹಾಗೆ ಸುಮ್ನೆ ಕೂತು ನೋಡಿ. ಕಲ್ಲು ಅಂದುಕೊಂಡದ್ದೇ ಬಣ್ಣ ಬದಲಿಸಿ ಜರುಗುತ್ತದೆ. ಕೋಲು ಹಾಕಿ ಕೆದಕಬೇಡಿ. ಕೈ ಅಂತೂ ಬೇಡವೇ ಬೇಡ, ಗಿಳಿಯ ಕೊಕ್ಕಿನಂಥ ಬಾಯಿ ಇದೆ, ಜೊಲ್ಲಿನಲ್ಲಿ ವಿಷವೂ ಇರುತ್ತದೆ. ಪಾಚಿ ಜಾರುತ್ತದೆ, ಮಗಳಿಗೆ ಹಿಡಿತ ಇರುವ ಚಪ್ಪಲಿ ಹಾಕಿಸಿ. ನೀರು ಏರತೊಡಗಿದ ಕೂಡಲೇ ದಡಕ್ಕೆ ಬನ್ನಿ. ಮಳೆಗಾಲದಲ್ಲಾದರೆ ಈ ಪ್ಲಾನ್ ಬಿಟ್ಟೇಬಿಡಿ.