ಮೇಷ್ಟ್ರೇ, ನಿಮ್ಮ ಮೊಮ್ಮಗ ಅರ್ಧ ಗೆದ್ದ

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರ ಕಾಗದ: "ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಹೋಗುವ ಯಂತ್ರ ಬಂದೇ ಬರುತ್ತದೆ ಅಂತ ಮೊಮ್ಮಗನ ವಾದ. ಎಲ್ಲಾ ಬುರುಡೆ ಅಂತ ನಾನು. ಆದರೆ ಭಾಗವತದ ಕಕುದ್ಮಿ ರಾಜನ ಕಥೆ ನೋಡಿದರೆ ನಮ್ಮವರಿಗೆ ಇದು ಮೊದಲೇ ಗೊತ್ತಿತ್ತು ಅನಿಸುತ್ತದೆ. ತಾವೇನಂತೀರಿ?"

ಮೇಷ್ಟ್ರೇ, ಒಂದೇ ಉಸಿರಲ್ಲಿ ಬುರುಡೆ ಅಂತಲೂ ಅಂದಿರಿ, ನಮ್ಮವರಿಗೆ ಗೊತ್ತಿತ್ತು ಅಂತಲೂ ಅಂದಿರಿ. ಈ ಕಾಗದ ಮೊಮ್ಮಗನ ಕಣ್ಣಿಗೆ ಬಿದ್ದಿಲ್ಲ ತಾನೇ?

ಹಿಂದಕ್ಕೆ ಹೋಗೋ ಮಾತು ಮೊದಲು ಮುಗಿಸಿಬಿಡೋಣ. ಐನ್‌ಸ್ಟೈನರ ಸಮೀಕರಣಗಳಲ್ಲೇ ಅದಕ್ಕೊಂದು ದಾರಿ ಇದೆ ಅಂತ 1949ರಲ್ಲಿ ಗೋಡೆಲ್ ಅನ್ನೋ ಗಣಿತಜ್ಞ ತೋರಿಸಿದರು, ನಿಜ. ಆದರೆ ಅದಕ್ಕೆ ಇಡೀ ವಿಶ್ವವೇ ಬುಗುರಿ ಥರ ತಿರುಗಬೇಕು. ನಮ್ಮದು ಹಾಗೆ ತಿರುಗುತ್ತಿರುವ ಗುರುತಿಲ್ಲ. 2009ರಲ್ಲಿ ವಿಜ್ಞಾನಿ ಹಾಕಿಂಗ್ ಭವಿಷ್ಯದಿಂದ ಬರುವವರಿಗೆ ಅಂತ ಒಂದು ಪಾರ್ಟಿ ಇಟ್ಟು, ಪಾರ್ಟಿ ಮುಗಿದ ಮೇಲೆ ಆಹ್ವಾನ ಕೊಟ್ಟರು. ಒಬ್ಬರೂ ಬಂದಿರಲಿಲ್ಲ.

ಮುಂದಕ್ಕೆ ಹೋಗೋದು ಹಾಗಲ್ಲ, ಅದನ್ನು ಅಳೆದು ನೋಡಿದ್ದಾರೆ. ವೇಗವಾಗಿ ಓಡುವವರ ಗಡಿಯಾರ ನಿಧಾನವಾಗುತ್ತದೆ, ಅಂದರೆ ಅವರು ಉಳಿದವರ ಭವಿಷ್ಯಕ್ಕೆ ಅಷ್ಟು ಬೇಗ ಹೋದ ಹಾಗೆ. 1971ರಲ್ಲಿ ಹಾಫೆಲೆ, ಕೀಟಿಂಗ್ ಅಂತ ಇಬ್ಬರು ಪರಮಾಣು ಗಡಿಯಾರಗಳನ್ನು ಮಾಮೂಲಿ ಪ್ರಯಾಣಿಕರ ವಿಮಾನಗಳಲ್ಲಿ ಕೂರಿಸಿಕೊಂಡು ಭೂಮಿ ಸುತ್ತಿದರು. ಪೂರ್ವಕ್ಕೆ ಸುತ್ತಿದಾಗ ಗಡಿಯಾರಗಳು 59 ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಸೆಕೆಂಡ್) ಹಿಂದೆ ಬಿದ್ದವು, ಭೂಮಿ ತಿರುಗುವ ದಿಕ್ಕಿಗೆ ಎದುರಾಗಿ ಪಶ್ಚಿಮಕ್ಕೆ ಸುತ್ತಿದಾಗ 273 ಮುಂದೆ ಹೋದವು. ಬಾಹ್ಯಾಕಾಶದಲ್ಲಿ 803 ದಿನ ಇದ್ದ ರಷ್ಯಾದ ಗಗನಯಾತ್ರಿ ಕ್ರಿಕಲ್ಯೋವ್, ಲೆಕ್ಕದ ಪ್ರಕಾರ, ನೆಲದ ಮೇಲೇ ಇದ್ದಿದ್ದರೆ ಆಗುತ್ತಿದ್ದ ವಯಸ್ಸಿಗಿಂತ ಸೆಕೆಂಡಿನ ಐವತ್ತರಲ್ಲೊಂದು ಪಾಲು ಚಿಕ್ಕವರು. ಅಷ್ಟೇನಾ ಅಂತೀರಿ. ಅಷ್ಟೇ, ಆದರೆ ವಿಮಾನದ ಗಡಿಯಾರಗಳು ತೋರಿಸಿದ್ದು ಹೆಚ್ಚುಕಡಿಮೆ ಲೆಕ್ಕ ಹಾಕಿದಷ್ಟೇ!

ಕಕುದ್ಮಿ ಮಗಳು ರೇವತಿಗೆ ಗಂಡು ಕೇಳೋಕೆ ಬ್ರಹ್ಮಲೋಕಕ್ಕೆ ಹೋಗಿ, ಸಂಗೀತ ಮುಗಿಯಲಿ ಅಂತ ಒಂದು ಗಳಿಗೆ ಕಾದು ನಿಂತರೆ ಕೆಳಗೆ 27 ಚತುರ್ಯುಗ ಕಳೆದಿತ್ತು. ಸೊಗಸಾದ ಕಥೆ, ನಮ್ಮಜ್ಜಿ ಹೇಳ್ತಿದ್ದರು. ಆದರೆ ಎಷ್ಟು ವೇಗಕ್ಕೆ ಎಷ್ಟು ವ್ಯತ್ಯಾಸ ಅಂತ ಅದರಲ್ಲೆಲ್ಲಿದೆ ಹೇಳಿ.

ನಮ್ಮವರ ಹೆಮ್ಮೆ ಬೇಕೇ? ಕೋಲಾರಕ್ಕೆ ಬನ್ನಿ. ಆಕಾಶದಲ್ಲಿ ಸುಮಾರು 15 ಕಿಲೋಮೀಟರ್ ಮೇಲೆ ಮ್ಯೂಯಾನ್ ಅನ್ನೋ ಕಣ ಹುಟ್ಟುತ್ತದೆ. ಅದರ ಆಯಸ್ಸು ಸರಾಸರಿ 2.2 ಮೈಕ್ರೋಸೆಕೆಂಡ್, ಬೆಳಕಿನ ವೇಗದಲ್ಲಿ ಓಡಿದರೂ 660 ಮೀಟರ್ ದಾಟೋದರೊಳಗೆ ಸಾಯಬೇಕು. ಆದರೂ ನೆಲ ಮುಟ್ಟುತ್ತದೆ, ಯಾಕಂದ್ರೆ ಅದರ ಗಡಿಯಾರ ನಮ್ಮದಕ್ಕಿಂತ ನಿಧಾನ. ಇವು ನೆಲದೊಳಗೆ ಎಷ್ಟು ಆಳಕ್ಕೆ ಇಳೀತವೆ ಅಂತ ಎಣಿಸೋಕೆ 1950ರ ದಶಕದ ಆರಂಭದಲ್ಲಿ ಉಪಕರಣ ಹೊತ್ತು ಕೆಜಿಎಫ್ ಗಣಿಗೆ ಇಳಿದವರು ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್. 1965ರಲ್ಲಿ ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಅನ್ನೋ, ನೆಲದಲ್ಲೂ ತೂರಿಹೋಗುವ ಕಣಗಳ ಸುಳಿವು ಸಿಕ್ಕಿತು. ಕೆಜಿಎಫ್ ಅಂದ್ರೆ ನಮಗೆ ಚಿನ್ನ ನೆನಪಾಗುತ್ತೆ, ಸಿನಿಮಾ ನೆನಪಾಗುತ್ತೆ. ಇದು ಎಷ್ಟು ಜನಕ್ಕೆ ಗೊತ್ತು? ಪುಷ್ಪಕ ವಿಮಾನದ ಬಗ್ಗೆ ನನಗೆ ವಾಟ್ಸಾಪಿನಲ್ಲಿ ವಾರಕ್ಕೆರಡು ಬರ್ತವೆ, ಶ್ರೀಕಂಠನ್ ಬಗ್ಗೆ ಇವತ್ತಿನವರೆಗೆ ಒಂದೂ ಬಂದಿಲ್ಲ.

ಅಳೆದು ನೋಡೋದಕ್ಕಿಂತ ಕಥೆಯೇ ನಮಗೆ ಹತ್ತಿರವಾದರೆ ತಪ್ಪು ಮಕ್ಕಳದಲ್ಲ. ನಾನು ಓದಿದ ಹೈಸ್ಕೂಲಿನಲ್ಲಿ ಸ್ಟಾಪ್‌ವಾಚ್ ಗಾಜಿನ ಬೀರುವಿನಲ್ಲಿತ್ತು, ಕೀಲಿ ಹೆಡ್‌ಮಾಸ್ಟರ್ ಹತ್ತಿರ. ಮೂರು ವರ್ಷ ಅದನ್ನು ಗಾಜಿನಾಚೆಯಿಂದಲೇ ನೋಡಿದೆವು. ಲೋಲಕದ ಪ್ರಯೋಗವನ್ನು ಬೋರ್ಡ್ ನೋಡಿ ಬರೆದುಕೊಂಡೆವು, ಉತ್ತರ ಸಮೇತ.

ನಿಮ್ಮ ಶಾಲೆಯಲ್ಲಿ ಆ ಕೀಲಿ ಯಾರ ಹತ್ತಿರ ಇತ್ತು, ಮೇಷ್ಟ್ರೇ? ಮುಂದಿನ ಕಾಗದದಲ್ಲಿ ಬರೆಯಿರಿ.